ಕಾಗೆ ಮುಟ್ಟದ ಎಲೆ

ಅಪ್ಪಾ, ನನ್ನ ಮೇಷ್ಟ್ರೇ,

ನಾನಿಲ್ಲಿ ಕ್ಷೇಮ, ನೀವಲ್ಲಿ ಕ್ಷೇಮವೇ ಎಂದು ಶುರುಮಾಡಿದರೆ ನೀವೇ ನಗುತ್ತೀರಿ. "ನನಗಿನ್ನೇನಾಗ್ಬೇಕು, ವಿಷಯಕ್ಕೆ ಬಾ" ಅನ್ನುತ್ತೀರಿ. ಆಗಲಿ, ವಿಷಯ ಮೊದಲು, ಕತೆ ಆಮೇಲೆ. ಚಿಕ್ಕಜ್ಜ ಸಿಕ್ಕಿದರು. ನಿಮ್ಮ ಚಿಕ್ಕಪ್ಪ ಕೆಂಪಯ್ಯ. ಇಲ್ಲೇ, ಐರ್ಲೆಂಡಿನ ಈ ಡ್ರೋಹೆಡಾದ ಲೈಬ್ರರಿಯಲ್ಲಿ, ಹಳೇ ವೋಟರ್ ಲಿಸ್ಟಿನಲ್ಲಿ, ಹದಿನೇಳನೇ ನಂಬರ್ ಮನೆಯಲ್ಲಿ. ನೀವು ಹೋಗಿ ಎರಡು ವರ್ಷವಾದ ಮೇಲೆ ಹೇಳುತ್ತಿದ್ದೇನೆ. ಬೈಯಿರಿ, ಬೈಸಿಕೊಳ್ಳುತ್ತೇನೆ.

ನಾನು ಈ ಊರಿಗೆ ಬಂದ ಮೊದಲ ವಾರ ನೆನಪಿದೆಯಾ? ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದೆ. ಊರು ತೋರಿಸೋಣ ಎಂದು ನದಿಯ ದಂಡೆಯಲ್ಲಿ ನಿಂತು ವಿಡಿಯೋ ಕಾಲ್ ಮಾಡಿದರೆ ನೀವು ನನ್ನ ಮುಖ ಬಿಟ್ಟು ಹಿಂದೆ ಏನನ್ನೋ ನೋಡುತ್ತಿದ್ದಿರಿ. "ಏ ಪುಟ್ಟಿ, ತಡಿ ತಡಿ. ಫೋನ್ ಆ ಕಡೆ ತಿರುಗ್ಸು. ಆ ಸೇತುವೆ ತೋರ್ಸು." ಬೆಳಗಿನ ಮಂಜಿನಲ್ಲಿ ರೈಲಿನ ಸೇತುವೆ ಅರ್ಧ ಮಾತ್ರ ಕಾಣುತ್ತಿತ್ತು, ಕಾಲಿಲ್ಲದೆ ನಿಂತಿದ್ದಂತೆ. ನೀವು ಒಳಗೆ ಓಡಿಹೋಗಿ ಟ್ರಂಕಿನಿಂದ ಒಂದು ಹಳೇ ಪೋಸ್ಟ್ ಕಾರ್ಡ್ ತಂದು ಫೋನಿನ ಮುಂದೆ ಹಿಡಿದಿರಿ. ಅದೇ ಸೇತುವೆ, ಅವೇ ಕಮಾನುಗಳು. ಕಾರ್ಡಿನ ಹಿಂದೆ ದಪ್ಪ ಅಕ್ಷರದಲ್ಲಿ ಮೂರು ಸಾಲು. ಕ್ಷೇಮವಾಗಿದ್ದೇನೆ. ಇಲ್ಲಿ ಚಳಿ ಬಹಳ. ಅಣ್ಣ ಕರೆದರೆ ಬರುತ್ತೇನೆ. ಅಷ್ಟೇ. ಅಂಚೆಯ ಮುದ್ರೆ ಅಳಿಸಿಹೋಗಿತ್ತು, ತಾನಿರುವ ಊರು, ವಿಳಾಸವನ್ನೇ ಬರೆದಿರಲಿಲ್ಲ ಚಿಕ್ಕಜ್ಜ. "ಹುಡುಕವ್ವ," ಅಂದಿರಿ. ನಿಮ್ಮ ದನಿ ನಡುಗಿದ್ದು ಫೋನಿನ ಸಿಗ್ನಲ್ಲಿನಿಂದ ಅಂದುಕೊಂಡೆ.

ನಮ್ಮ ಮನೆಯ ಪಕ್ಷದ ಹಬ್ಬದಲ್ಲಿ ಮೂರು ಎಲೆ ಹಾಕುತ್ತಿದ್ದಿರಿ. ಹಿರೀಕರ ಎಡೆ. ಅಜ್ಜನಿಗೊಂದು, ಅಜ್ಜಿಗೊಂದು, ಚಿಕ್ಕಜ್ಜನಿಗೊಂದು. ಚಿಕ್ಕಜ್ಜನ ಎಲೆಗೆ ಕೋಳಿಸಾರು, ಎರಡು ಕಜ್ಜಾಯ, ಪಕ್ಕದಲ್ಲಿ ಬೀಡಿ ಕಟ್ಟು. ಯಾರು ಈ ಚಿಕ್ಕಜ್ಜ ಎಂದು ಕೇಳಿದ್ದಕ್ಕೆ ಅಮ್ಮನೇ ಹೇಳಿದ್ದು. ಬೆಂಗಳೂರು ದಂಡಿನಲ್ಲಿ ಐರ್ಲೆಂಡಿನ ಡಾಕ್ಟರೊಬ್ಬನ ಮನೆಗೆ ಅಡುಗೆಗೆ ಸೇರಿದ ಹುಡುಗ, ಡಾಕ್ಟರು ತನ್ನೂರಿಗೆ ಹೊರಟಾಗ ತಾನೂ ಹೊರಟು ನಿಂತ. ಅಜ್ಜ ಬಾಗಿಲಲ್ಲಿ ಅಡ್ಡ ನಿಂತು, "ಹಡಗು ಹತ್ತಿದ್ರೆ ನನ್ನ ಪಾಲಿಗೆ ನೀನು ಸತ್ತಂಗೆ" ಅಂದುಬಿಟ್ಟರು. ಹೋದ. ಒಂದು ಕಾರ್ಡು ಬಂತು. ಆಮೇಲೆ ಯುದ್ಧ ಬಂತು, ಮತ್ತೇನೂ ಬರಲಿಲ್ಲ. ತನ್ನ ಮಾತೇ ತಮ್ಮನನ್ನು ತಿಂದಿತು ಎಂದು ಅಜ್ಜ ನಂಬಿಕೊಂಡು ಆ ಮೂರನೇ ಎಲೆ ಶುರುಮಾಡಿದರು. ಸಾಯುವಾಗ ನಿಮ್ಮ ಕೈ ಹಿಡಿದು ಒಪ್ಪಿಸಿದ್ದೂ ಅದನ್ನೇ.

ಮಹಡಿಯ ಮೇಲೆ ನೀವು ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕರೆಯುತ್ತಿದ್ದುದು ಈಗಲೂ ಕಿವಿಯಲ್ಲಿದೆ. ಅಜ್ಜನನ್ನೂ ಅಜ್ಜಿಯನ್ನೂ ಸುಮ್ಮನೆ ಕರೆಯುತ್ತಿದ್ದಿರಿ. ಅವನನ್ನು ಮಾತ್ರ, "ಚಿಕ್ಕಪ್ಪಾ... ಅಣ್ಣ ಕರೀತವ್ರೆ, ಬಾ..." ಅಜ್ಜ ಹೇಳಿಕೊಟ್ಟಂತೆ, ಒಂದಕ್ಷರ ಬದಲಿಸದೆ. ನಾನು ಅದನ್ನು ಯಾವುದೋ ಮಂತ್ರ ಅಂದುಕೊಂಡಿದ್ದೆ. ಕಾಗೆಗಳು ಬರುತ್ತಿದ್ದವು, ಅಜ್ಜನ ಎಲೆಯ ವಡೆ ಎತ್ತುತ್ತಿದ್ದವು, ಅಜ್ಜಿಯ ಎಲೆಯಲ್ಲಿ ಕುಕ್ಕುತ್ತಿದ್ದವು, ಮೂರನೆಯದರ ಸುತ್ತ ಕುಪ್ಪಳಿಸಿ ಹಾರಿಹೋಗುತ್ತಿದ್ದವು. ಅಜ್ಜನ ಕಾಲದಿಂದಲೂ ಹಾಗೆಯೇ ಅಂತೆ. "ಇನ್ನೂ ಮುನಿಸ್ಕೊಂಡವ್ನೆ," ಎಂದು ಮುಖ ಸಣ್ಣದು ಮಾಡಿಕೊಂಡು ನೀವು ಮೆಟ್ಟಿಲಿಳಿಯುತ್ತಿದ್ದಿರಿ. ಆ ದಿನ ನಿಮಗೆ ಊಟ ಸೇರುತ್ತಿರಲಿಲ್ಲ.

ಇನ್ನೊಂದು ನೆನಪು, ಇದಕ್ಕೂ ಅದಕ್ಕೂ ಸಂಬಂಧ ಇದೆ, ತಾಳಿ. ಸ್ಕೂಲು ಮೇಷ್ಟ್ರಿಗೆ ವೋಟರ್ ಲಿಸ್ಟಿನ ಕೆಲಸ ಬಿದ್ದಾಗ ನೀವು ನನ್ನನ್ನೂ ಬೀದಿ ಬೀದಿ ಕರೆದುಕೊಂಡು ಹೋಗುತ್ತಿದ್ದಿರಲ್ಲ? ಕಂಕುಳಲ್ಲಿ ಪಟ್ಟಿ, ಕೈಯಲ್ಲಿ ಛತ್ರಿ, ಜೇಬಿನಲ್ಲಿ ಕೆಂಪು ಪೆನ್ನು. ನಾನು ಹೆಸರು ಹುಡುಕಲು ಪುಟ ತಿರುವಿ ತಿರುವಿ ಒದ್ದಾಡಿದರೆ ತಲೆಗೊಂದು ಮೊಟಕಿ ಹೇಳುತ್ತಿದ್ದಿರಿ. "ಹೆಸರು ಹುಡುಕ್ಬೇಡ್ವೇ, ಮನೆ ಹುಡುಕು. ಮನೆ ಸಿಕ್ರೆ ಜನ ಸಿಕ್ತಾರೆ." ಸತ್ತವರ ಹೆಸರಿಗೆ ಕೆಂಪು ಗೆರೆ ಎಳೆಯುವ ಮುಂಚೆ ಮೂರು ಸಲ ಆ ಮನೆಗೆ ಹೋಗುತ್ತಿದ್ದಿರಿ, ಅಕ್ಕಪಕ್ಕ ವಿಚಾರಿಸುತ್ತಿದ್ದಿರಿ. ವಿಚಾರಿಸದೆ ಯಾರನ್ನೂ ಸಾಯಿಸಬಾರದು ಅನ್ನುವುದು ನಿಮ್ಮ ಕಾನೂನು.

ಭಾನುವಾರ ಭಾನುವಾರ ನೀವು ಕೇಳಿದಿರಿ. "ಸಿಕ್ಕಿದ್ನಾ?" ನಾನು ಪ್ರತಿ ಸಲವೂ, "ನೋಡ್ತೀನಿ ಅಪ್ಪಾ, ಡ್ಯೂಟಿ ಜಾಸ್ತಿ." ಸುಳ್ಳು, ಅಪ್ಪಾ. ಬಿಡುವಿತ್ತು. ಇಷ್ಟು ವರ್ಷದ ಮೇಲೆ ಒಬ್ಬ ಅಡುಗೆಯವನು ಎಲ್ಲಿ ಸಿಗುತ್ತಾನೆ ಎಂಬ ಉದಾಸೀನ. ನೀವು ಕೊನೆಯ ಭಾನುವಾರವೂ ಅದನ್ನೇ ಕೇಳಿದಿರಿ, ನಾನೂ ಅದನ್ನೇ ಅಂದೆ. ಆಮೇಲಿನ ಭಾನುವಾರ ಕೇಳಲು ನೀವಿರಲಿಲ್ಲ. ಅದು ನನ್ನ ಎದೆಯಲ್ಲಿ ಹಾಗೇ ಕೂತಿದೆ. ಯಾರಿಗೆ ಹೇಳಲಿ? ಅಮ್ಮನಿಗೆ ಹೇಳಿದರೆ ಅಳುತ್ತಾಳೆ.

ಈ ಬೇಸಿಗೆಯಲ್ಲಿ ಒಂದು ಶನಿವಾರ ಲೈಬ್ರರಿಗೆ ಹೋದೆ. ಇಲ್ಲಿಯ ಹಳೇ ವೋಟರ್ ಲಿಸ್ಟುಗಳನ್ನು ವರ್ಷಕ್ಕೊಂದರಂತೆ ದಪ್ಪ ರಟ್ಟು ಹಾಕಿ ಇಟ್ಟಿದ್ದಾರೆ. ಕೌಂಟರಿನ ಹೆಂಗಸಿಗೆ ಕೆಂಪಯ್ಯ ಎಂದು ಬರೆದುಕೊಟ್ಟೆ. ಆಕೆ ಚೀಟಿ ನೋಡಿ, "ಹೆಸರು ಇಟ್ಕೊಂಡು ಸಿಗಲ್ಲಮ್ಮ, ಇದು ಬೀದಿ ಪ್ರಕಾರ ಇರೋದು. ಯಾವ ಬೀದಿ, ಯಾವ ಮನೆ?" ಅಂದಳು, ಅವಳ ಇಂಗ್ಲಿಷಿನಲ್ಲಿ. ಅಯ್ಯೋ ಶಿವನೇ! ಅಲ್ಲೇ ನಗು ಬಂತು ನನಗೆ. ನೀವೇ ಕೌಂಟರಿನ ಹಿಂದೆ ಕೂತಂತಿತ್ತು.

ಸೇತುವೆ ಕಾಣುವ ಬೀದಿಗಳಿಂದ ಶುರುಮಾಡಿದೆ. ಎಂಟು ಶನಿವಾರ. ಕಿಟಕಿಯಿಂದ ಬೆಳಕು ಮೆಲ್ಲಗೆ ಮೇಜಿನ ಮೇಲೆ ಹಾಯುತ್ತಿತ್ತು, ನಾನು ಮನೆಯಿಂದ ಮನೆಗೆ ಹೋಗುತ್ತಿದ್ದೆ. ಒಂದು, ಎರಡು, ಮೂರು... ಓದುತ್ತ ಓದುತ್ತ ಎಷ್ಟೋ ಸಲ ನೀವು ಪಕ್ಕದಲ್ಲೇ ನಡೆಯುತ್ತಿದ್ದಿರಿ. ಆ ಬಾಗಿಲುಗಳನ್ನು ಛತ್ರಿಯ ತುದಿಯಿಂದ ತಟ್ಟುತ್ತಿದ್ದಿರಿ, ಸತ್ತುಹೋದ ಜನ ಬಂದು ಬಾಗಿಲು ತೆಗೆದು ತಮ್ಮ ಹೆಸರು ಹೇಳಿ ಒಳಗೆ ಹೋಗುತ್ತಿದ್ದರು. ನಿದ್ದೆಯೋ ಎಚ್ಚರವೋ, ನನಗೇ ತಿಳಿಯುತ್ತಿರಲಿಲ್ಲ. ಹಾಗೇ ಒಂದು ಮನೆಯ ಬಾಗಿಲು ತೆಗೆದಾಗ ಒಳಗೆ ಅವನಿದ್ದ. ಹದಿನೇಳು. ಬಿ. ಕೆಂಪಯ್ಯ. ಕೆಳಗೆ ಮೇರಿ ಕೆಂಪಯ್ಯ. ಯುದ್ಧ ಮುಗಿದು ಎಷ್ಟೋ ವರ್ಷವಾದ ಮೇಲಿನ ಪಟ್ಟಿ ಅದು, ಅಪ್ಪಾ. ನೀವಾಗಲೇ ಹುಟ್ಟಿ ಸ್ಲೇಟು ಹಿಡಿದಿದ್ದಿರಿ. ಅಜ್ಜ ಮಹಡಿ ಮೇಲೆ ಎಡೆ ಇಟ್ಟು ಕರೆಯುತ್ತಿದ್ದಾಗ ಈ ಮನುಷ್ಯ ಇಲ್ಲಿ ಹೆಂಡತಿಯ ಜೊತೆ ಹೋಗಿ ವೋಟು ಹಾಕಿ ಬರುತ್ತಿದ್ದ! ಬದುಕಿದ್ದವನಿಗೆ ಎಡೆ ಇಟ್ಟೆವಲ್ಲ. ಊರ ವೋಟರುಗಳನ್ನೆಲ್ಲ ಮೂರು ಸಲ ವಿಚಾರಿಸುತ್ತಿದ್ದ ಮೇಷ್ಟ್ರು ಸ್ವಂತ ಚಿಕ್ಕಪ್ಪನಿಗೆ ಮಾತ್ರ ವಿಚಾರಿಸದೆ ಗೆರೆ ಎಳೆದರಲ್ಲ! ನಗುತ್ತಿದ್ದೆನೋ ಅಳುತ್ತಿದ್ದೆನೋ, ಕೌಂಟರಿನವಳು ನೀರು ತಂದುಕೊಟ್ಟಳು.

ಆಮೇಲೆ ವರ್ಷವರ್ಷದ ಪುಸ್ತಕ ತೆಗೆದು ಹದಿನೇಳನೇ ಮನೆಯನ್ನೇ ನೋಡುತ್ತ ಹೋದೆ. ಇಬ್ಬರು, ಇಬ್ಬರು, ಇಬ್ಬರು. ಒಂದು ವರ್ಷ ಇದ್ದಕ್ಕಿದ್ದಂತೆ ಮೂವರು. ಮಗಳಿಗೆ ವೋಟಿನ ವಯಸ್ಸಾಗಿತ್ತು. ಅವಳ ಹೆಸರು ಏನು ಗೊತ್ತೇ? ನೋರಾ ಹೊನ್ನಮ್ಮ ಕೆಂಪಯ್ಯ. ಹೊನ್ನಮ್ಮ ಯಾರು, ಅಪ್ಪಾ? ನಿಮ್ಮ ಅಜ್ಜಿ ಅಲ್ಲವೇ, ಅಜ್ಜನನ್ನೂ ಚಿಕ್ಕಜ್ಜನನ್ನೂ ಹೆತ್ತವಳು? ನಮ್ಮನ್ನು ಮರೆತವನು, ನಮ್ಮ ಮೇಲೆ ಮುನಿಸಿಕೊಂಡವನು, ಈ ಮಂಜಿನ ಊರಿನಲ್ಲಿ ಹುಟ್ಟಿದ ಮಗುವಿಗೆ ಆ ಹೆಸರಿಡುತ್ತಾನೆಯೇ? ಆ ಸಾಲನ್ನು ಹಾಗೇ ಚೀಟಿಯಲ್ಲಿ ಬರೆದುಕೊಂಡೆ.

ಕೊನೆಗೆ ಒಂದು ಪುಸ್ತಕದಲ್ಲಿ ಅವನ ಹೆಸರಿರಲಿಲ್ಲ. ಕೆಂಪು ಗೆರೆ ಇಲ್ಲ, ಏನಿಲ್ಲ, ಸುಮ್ಮನೆ ಇರಲಿಲ್ಲ. ಅದು ಯಾವ ವರ್ಷ ಎಂದು ಲೆಕ್ಕ ಹಾಕಿದರೆ ನಾನು ಮೂರನೇ ಕ್ಲಾಸಿನಲ್ಲಿದ್ದ ವರ್ಷ. ನೆನಪಾಯಿತೇ? ಆ ವರ್ಷದ ಪಕ್ಷದಲ್ಲಿ ಒಂದು ಕಾಗೆ ನೇರವಾಗಿ ಮೂರನೇ ಎಲೆಗೇ ಬಂದು ಕಜ್ಜಾಯ ಕಚ್ಚಿಕೊಂಡು ಹೋಯಿತು. ನೀವು ಪಂಚೆ ಎತ್ತಿಕಟ್ಟಿ ಮಹಡಿಯ ತುಂಬ ಕುಣಿದಿರಿ. "ಮುನಿಸು ಬಿಟ್ಟ ಕಣ್ರೋ! ಚಿಕ್ಕಪ್ಪ ಬಂದ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಿರಿ. ಅಮ್ಮನಿಗೆ ಫೋನ್ ಮಾಡಿದರೆ, "ಇಲ್ಲ ಕಣೆ, ಅದು ನೀನು ನಾಕನೇ ಕ್ಲಾಸಲ್ಲಿ, ಅಮ್ಮ ಆದಾಗ" ಅಂದಳು. ಅಮ್ಮ ಅಂದರೆ ಸೀತಾಳೆ ಸಿಡುಬು, ಅದು ನನಗೆ ಆದದ್ದು ಮೂರನೇ ಕ್ಲಾಸಿನಲ್ಲೇ. ಯಾರು ಸರಿಯೋ. ನನಗೆ ಇಂಥದರಲ್ಲೆಲ್ಲ ನಂಬಿಕೆ ಇಲ್ಲ ಎಂದು ನಿಮ್ಮ ಜೊತೆ ಎಷ್ಟು ಜಗಳವಾಡಿದ್ದೇನೆ. ಈಗಲೂ ಇಲ್ಲ. ಆದರೂ...

ಹೋದ ತಿಂಗಳು ಆ ಬೀದಿಗೆ ಹೋದೆ. ಹದಿನೇಳನೇ ಮನೆಗೆ ನೀಲಿ ಬಾಗಿಲು. ಎರಡು ಸಲ ಮುಂದೆ ಹೋಗಿ ಹಿಂದೆ ಬಂದೆ, ಮೂರನೇ ಸಲ ತಟ್ಟಿದೆ. ಬೆಳ್ಳಿ ಕೂದಲಿನ ಹೆಂಗಸು ಬಾಗಿಲು ತೆಗೆದರು. ಅಪ್ಪಾ, ಹಣೆ ನಿಮ್ಮದೇ. ಆ ಅಗಲ, ಆ ಮಧ್ಯದ ಗೆರೆ. ನಾನು ಯೋಚಿಸಿಟ್ಟುಕೊಂಡ ಇಂಗ್ಲಿಷೆಲ್ಲ ಮರೆತು, "ಹೊನ್ನಮ್ಮ?" ಅಂದೆ. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ನಮ್ಮಪ್ಪ ಹೋದ್ಮೇಲೆ ನನ್ನನ್ನ ಯಾರೂ ಹಂಗೆ ಕರೆದಿಲ್ಲ," ಅಂದರು. ಅಲ್ಲಿಂದ ಅವರು ನನಗೆ ನೋರಾ ಅತ್ತೆ. ಅವರ ಮಾತೆಲ್ಲ ಇಂಗ್ಲಿಷು, ನಿಮಗಾಗಿ ನಾನು ನಮ್ಮ ಮಾತಲ್ಲಿ ಬರೆಯುತ್ತಿದ್ದೇನೆ.

ಟೀ ಕುಡಿಯುತ್ತ ಕೇಳಿದೆ, ಚಿಕ್ಕಜ್ಜನಿಗೆ ನಮ್ಮ ಮೇಲೆ ಕೋಪ ಇತ್ತೇ? ಅತ್ತೆ ತಲೆಯಾಡಿಸಿದರು. "ಕೋಪ ಅಲ್ಲ. ಕಾಯ್ತಿದ್ದ. ಅಣ್ಣಂಗೆ ಕಾಗದ ಹಾಕಿದ್ದೀನಿ, ಕರೆದ್ರೆ ಹೋಗ್ತೀನಿ ಅಂತಿದ್ದ. ಪೋಸ್ಟ್‌ಮ್ಯಾನ್ ಬಂದಾಗೆಲ್ಲ ಎದ್ದು ನೋಡೋನು. ಯಾಕಪ್ಪಾ ಬೇಜಾರಾ ಅಂದ್ರೆ, ಐ ಆಮ್ ಗ್ರ್ಯಾಂಡ್, ಚೆನ್ನಾಗೇ ಇದ್ದೀನಿ ಅನ್ನೋನು. ಕೊನೇಗಂಟ ಅಣ್ಣ ಕರೀಲೇ ಇಲ್ಲ." ಅದನ್ನು ಹೇಳುವಾಗ ಆ ಮುದುಕಿಯ ಮುಖದಲ್ಲಿ ನಮ್ಮೆಲ್ಲರ ಮೇಲಿನ ಬೇಸರ ಕಂಡಿತು. ಅವರಪ್ಪನಿಗಿಲ್ಲದ ಕೋಪ ಅವರಿಗಿತ್ತು.

ನೀವು ಹೋದಾಗ ಊರಿಗೆ ಬಂದು ಟ್ರಂಕಿನಿಂದ ತಂದಿಟ್ಟುಕೊಂಡಿದ್ದ ಕಾರ್ಡನ್ನು ಬ್ಯಾಗಿನಿಂದ ತೆಗೆದು ಮೇಜಿನ ಮೇಲಿಟ್ಟೆ, ಮೂರೂ ಸಾಲು ಓದಿ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ತಿರುಗಿಸಿ ಮುರುಗಿಸಿ ನೋಡಿದರು. "ವಿಳಾಸ ಎಲ್ಲಿ?" ಅಂದರು. ಇಲ್ಲ ಅತ್ತೆ, ನಿಮ್ಮಪ್ಪ ಬರೆಯಲು ಮರೆತಿದ್ದಾರೆ ಅಂದೆ. ಅಜ್ಜನಿಗೆ ಉತ್ತರ ಬರೆಯಲು ಜಾಗವೇ ಗೊತ್ತಿರಲಿಲ್ಲ. ಕಾಗದ ಹಾಕಲು ಆಗದ್ದಕ್ಕೆ ಮಹಡಿ ಹತ್ತಿ ಕೂಗಿ ಕರೆಯುತ್ತಿದ್ದರು, ಅವರಾದ ಮೇಲೆ ನಮ್ಮಪ್ಪ, ಅಣ್ಣ ಕರೀತವ್ರೆ ಬಾ ಎಂದು. "ಪ್ರತಿ ವರ್ಷಾನಾ?" ಅಂದರು ಅತ್ತೆ. ಪ್ರತಿ ವರ್ಷ ಅಂದೆ. "ಒಂದು ವರ್ಷಾನೂ ಬಿಡ್ದೆ?" ಒಂದು ವರ್ಷವೂ ಬಿಡದೆ. ಅವರು ಕಾರ್ಡನ್ನು ಎದೆಗೊತ್ತಿಕೊಂಡು ಜೋರಾಗಿ ಅತ್ತುಬಿಟ್ಟರು. ನಾನೂ ಅತ್ತುಬಿಟ್ಟೆ. ಟೀ ಆರಿಹೋಯಿತು.

ಗೌರಿ ಹಬ್ಬ ಬಂದಾಗೆಲ್ಲ ಬಾಗಿನ ಕೊಡಲು ನನಗೊಬ್ಬ ತಂಗಿ ಇಲ್ಲವಲ್ಲ ಎಂದು ಕೊರಗುತ್ತಿದ್ದಿರಲ್ಲ? ಇದ್ದಳು, ಅಪ್ಪಾ. ಈ ಸಲದ ಗೌರಿ ಕಳೆದುಹೋಗಿತ್ತು. ಬರುವ ವರ್ಷ ಬಳೆ, ಸೀರೆ, ಮೊರ, ಎಲ್ಲಾ ಹೊಂದಿಸಿ ನಿಮ್ಮ ಹೆಸರಿನಲ್ಲಿ ನಾನೇ ಒಯ್ದು ಕೊಡುತ್ತೇನೆ. ಇದು ಮಾತು. ಈ ಸಲ "ನೋಡ್ತೀನಿ" ಅಲ್ಲ.

ನಿನ್ನೆ ಪಕ್ಷದ ಅಮಾವಾಸ್ಯೆ. ಅತ್ತೆಯ ಹಿತ್ತಿಲಲ್ಲಿ ಎರಡು ಬಾಳೆಲೆ ಹಾಕಿದೆವು. ಕೋಳಿಸಾರು, ವಡೆ ನಾನು ಮಾಡಿದ್ದು, ಕಜ್ಜಾಯ ಒಡೆದುಹೋಯಿತು, ಬೀಡಿಯ ಬದಲು ಅವರಪ್ಪ ಸೇದುತ್ತಿದ್ದ ಪೈಪು. ಅಲ್ಲಿಂದ ಸೇತುವೆ ಚೆನ್ನಾಗಿ ಕಾಣುತ್ತದೆ, ಮಂಜೂ ಇತ್ತು. ಕರೆಯಲು ನಾನು ಮುಂದೆ ಹೋದರೆ ತೋಳು ಹಿಡಿದು ನಿಲ್ಲಿಸಿದರು. "ನಿಮ್ಮಪ್ಪ ಹೆಂಗೆ ಕರೀತಿದ್ರೋ ಹಂಗೇ ಹೇಳ್ಕೊಡು, ನಾನು ಕರೀತೀನಿ," ಅಂದರು ಅತ್ತೆ. ಹೇಳಿಕೊಟ್ಟೆ. ಅವರು ನದಿಯ ಕಡೆ ತಿರುಗಿ, ಬಾಯಿಗೆ ಕೈ ಅಡ್ಡ ಹಿಡಿದು, ತಮಗೆ ಬಾರದ ಮಾತಿನಲ್ಲಿ ಕರೆದರು. ಅಪ್ಪಾ... ಅಣ್ಣ ಕರೀತವ್ರೆ... ಬಾ... ಪಕ್ಕದ ಮನೆಯವರು ಕಿಟಕಿಯಿಂದ ಇಣುಕಿದರು. ಸೀಗಲ್ ಎಂಬ ಕಡಲಹಕ್ಕಿಯೊಂದು ಎರಗಿ ವಡೆ ಹೊತ್ತೊಯ್ದಿತು, ಕಾಗೆಗೆ ಕಾಯುವಷ್ಟು ಮರ್ಯಾದೆ ಅದಕ್ಕಿಲ್ಲ.

ಎರಡನೇ ಎಲೆ ನಿಮ್ಮದು. ಅದರ ಮುಂದೆ ನಿಂತು ನಾನು ಕೂಗಲಿಲ್ಲ, ಮೆಲ್ಲಗೆ ಹೇಳಿದೆ ಅಷ್ಟೇ, ನೀವು ಕೇಳಿದ್ದಕ್ಕೆ ಉತ್ತರ. ಸಿಕ್ಕಿದ, ಅಪ್ಪಾ. ಬನ್ನಿ, ನಿಮ್ಮ ತಂಗಿ ಕಾಯುತ್ತಿದ್ದಾರೆ. ಹದಿನೇಳನೇ ನಂಬರ್, ನೀಲಿ ಬಾಗಿಲು, ಸೇತುವೆ ಕಾಣುವ ಬೀದಿ, ಡ್ರೋಹೆಡಾ. ನಾನು ವಿಳಾಸ ಮರೆತಿಲ್ಲ.

ನಿಮ್ಮ ಪುಟ್ಟಿ