ಸಾಂಬಾರ್ ಪುಡಿಯ ಬೀಗ

ಜುಲೈ ೯, ಬುಧವಾರ. ಎಗ್ಮೋರ್.

ಇನ್ನು ಮೇಲೆ ನಮ್ಮ ಹೋಟೆಲಿನ ತಾಂಬರಂ ಶಾಖೆಯಲ್ಲಿ ನಮ್ಮ ಸಾಂಬಾರ್ ಪುಡಿಯನ್ನು ಮಿಷನ್ನೇ ಬೆರೆಸುತ್ತದಂತೆ, ಅದಕ್ಕೆ ಅಳತೆಯನ್ನು ಕಂಪ್ಯೂಟರಿಗೆ ಹಾಕಬೇಕಂತೆ. ಮೈದುನ ಜಯಪ್ರಕಾಶ ಸಹಿಗೆ ಪೆನ್ನು ತೆಗೆದೇಬಿಟ್ಟಿದ್ದ. ಮೂವತ್ತು ವರ್ಷದಿಂದ ಬಾಗಿಲು ಹಾಕಿಕೊಂಡು ಪುಡಿ ಬೆರೆಸುವವಳು ನಾನು. ಪುಡಿ ಹೊರಗೆ ಬರುತ್ತದೆ, ಅಳತೆ ಬರುವುದಿಲ್ಲ. ಬಿಡುತ್ತೇನೆಯೇ!

"ಕಂಪ್ಯೂಟರಿನಲ್ಲಿ ಅಳತೆಗೆ ಭದ್ರವಾದ ಬೀಗ ಅಮ್ಮಾ, ಯಾರೂ ಒಡೆಯಲಾರರು" ಎಂದ ಮಿಷನ್ ಮಾರಲು ಬಂದವನು.

"ಇವತ್ತು ಒಡೆಯುವುದು ಬೇಡ ಮಾರಾಯ. ಬೀಗ ಹಾಕಿದ್ದನ್ನು ಹಾಗೇ ಕದ್ದಿಟ್ಟುಕೊಂಡು, ಈಗಿನ ಬೀಗ ಒಡೆಯುವ ಆ ಕ್ವಾಂಟಂ ಕಂಪ್ಯೂಟರ್ ಬಂದ ಮೇಲೆ ತೆರೆದರೆ ಎಂತ ಮಾಡ್ತಿ? ನಮ್ಮ ಅಳತೆ ಆಗಲೂ ಇದೇ. ಅದಕ್ಕೂ ಬಗ್ಗದ ಬೀಗ ಉಂಟಾ? ಕೀಲಿ ಚಿಪ್‌ನ ಒಳಗೇ ಇರ್ತದಾ?"

ಅವನು ತಂದ ಕಾಗದಗಳನ್ನು ತಿರುವಿಹಾಕತೊಡಗಿದ. ಚಿಪ್ ಕಂಪನಿಯಲ್ಲಿರುವ ಸೊಸೆ ನಮಿತಾ ಇದನ್ನು ಹೇಳಿಕೊಟ್ಟದ್ದು ಒಂದೇ ಸಲ. ನನಗೆ ಅಷ್ಟು ಸಾಕಾಯಿತು. ಆ ಚಿಪ್ ಕೂಡ ನನ್ನ ಹಾಗೆ ಬಾಗಿಲು ಹಾಕಿಕೊಂಡೇ ಕೆಲಸ ಮಾಡುತ್ತದೆ, ಕೀಲಿಯನ್ನು ಹೊರಗೆ ಬಿಡುವುದಿಲ್ಲ.

ಜಯಪ್ರಕಾಶ ಪೆನ್ನು ಜೇಬಿಗಿಟ್ಟ. "ಅತ್ತಿಗೆ, ನೀವು ಓದಿದ್ದು ಐದನೇ ಕ್ಲಾಸಲ್ವಾ?"

"ನಾಲ್ಕು" ಎಂದೆ.

ನಾನು ಕೇಳಿದಂಥ ಮಿಷನ್ನನ್ನೇ ಮೈದುನ ಹುಡುಕಿ ತರುತ್ತಾನಂತೆ. ತರಲಿ. ಅಳತೆ ಹಾಕುವಾಗ ಮಾತ್ರ ಎಲ್ಲರೂ ಹೊರಗೆ, ನಮಿತಾ ಸಹ. ಬಾಗಿಲು ಹಾಕುವುದು ನಾನೇ.