ನನ್ನ ಮಗಳ ತಪ್ಪೊಪ್ಪಿಗೆ ಚೀಟಿ ವಾಪಸು ಕೊಡಿ

ಶಾಲೆಯ ಆಡಳಿತ ಮಂಡಳಿಯ ಮಾನ್ಯ ಅಧ್ಯಕ್ಷರೇ,

ನಿಮ್ಮ ಕಚೇರಿಯ ಕಪಾಟಿನಲ್ಲಿ ನನ್ನ ಮಗಳು ಬರೆದ ಒಂದು ಚೀಟಿ ಇದೆ. 'ನಾನು ಕೆಟ್ಟ ವಿಡಿಯೋ ನೋಡಿ ತಪ್ಪು ಮಾಡಿದ್ದೇನೆ, ಇನ್ನು ಮುಂದೆ ನೋಡುವುದಿಲ್ಲ' ಎಂದು ಒಂಬತ್ತು ವರ್ಷದ ಹುಡುಗಿ ದುಂಡಗೆ ಬರೆದಿದ್ದಾಳೆ. ಕೆಳಗಿರುವ ಪೋಷಕರ ಸಹಿ ನನ್ನದೇ. ಅದನ್ನು ವಾಪಸು ಕೊಡಿ ಎಂದು ಮೂರು ಸಲ ಬಂದು ಕೇಳಿದೆ. 'ದಾಖಲೆ ಕೊಡಲು ಬರುವುದಿಲ್ಲ' ಎಂದಿರಿ. ಆದ್ದರಿಂದ ಈಗ ಊರೆಲ್ಲ ಓದುವಂತೆ ಕೇಳುತ್ತಿದ್ದೇನೆ. ಮಗಳ ಹೆಸರು ಬರೆಯುವುದಿಲ್ಲ, ಅದನ್ನು ಈಗಾಗಲೇ ಬೇಕಾದಷ್ಟು ಕೆಡಿಸಿದ್ದೇನೆ.

ನಾಲ್ಕನೆಯ ತರಗತಿಯ ಮನೆಗೆಲಸ ವಾಟ್ಸಾಪ್ ಗುಂಪಿನಲ್ಲೇ ಬರಬೇಕೆಂಬುದು ನಿಮ್ಮ ನಿಯಮ. ಒಂದು ಸಂಜೆ ಯಾರೋ ಪೋಷಕರ ಕೈತಪ್ಪಿ ಆ ಗುಂಪಿಗೆ ದೊಡ್ಡವರೂ ನೋಡಬಾರದ ವಿಡಿಯೋ ಬಂತು. ಗಜೇಂದ್ರಗಡದಲ್ಲಿ ನನ್ನದೊಂದು ಬೈಕ್ ರಿಪೇರಿ ಗ್ಯಾರೇಜಿದೆ. ಕೈಯೆಲ್ಲ ಆಯಿಲ್ ಆಗಿದೆಯೆಂದು ಫೋನನ್ನು ಮಗಳ ಕೈಗೇ ಕೊಟ್ಟಿದ್ದೆ. ಪಾಠದ ವಿಡಿಯೋವನ್ನು ಕೊನೆಯವರೆಗೂ ನೋಡಿಯೇ ಬರೆಯಬೇಕೆಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಹೇಳಿದ ಮಾತು ಕೇಳುವ ಹುಡುಗಿ. ಮನೆಗೆಲಸ ಎಲ್ಲಿದೆಯೆಂದು ಹುಡುಕುತ್ತ ಎರಡು ಸಲ ಪೂರ್ತಿ ನೋಡಿದಳು.

ಕಳಿಸಿದವರನ್ನು ನೀವು ಕೇಳಿದಿರಾ? ಗುಂಪು ನಡೆಸುವವರನ್ನು ಕೇಳಿದಿರಾ? ನೋಡಿದ ಆರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತಪ್ಪೊಪ್ಪಿಗೆ ಬರೆಸಿದಿರಿ. ಶಾಲೆಯ ಸೋರುವ ನೀರಿನ ಟಾಕಿಗೆ ನಾಲ್ಕು ತಿಂಗಳಿಂದ ಸಿಗದ ಸಮಯ ಈ ಘನ ವಿಚಾರಣೆಗೆ ಅರ್ಧ ದಿನದಲ್ಲಿ ಸಿಕ್ಕಿತು.

ಆದರೆ ನಿಮ್ಮನ್ನು ಬೈದು ಪಾರಾಗುವ ಮುಖ ನನಗಿಲ್ಲ. ನಾವು ಕ್ರೈಸ್ತರು. ಪ್ರತಿ ಬುಧವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನಾ ಕೂಟ ನಡೆಯುತ್ತದೆ, ಅದನ್ನು ನಡೆಸುವ ಹಿರಿಯ ನಾನೇ. ಸುದ್ದಿ ಹಬ್ಬುವ ಮೊದಲು ನಾನೇ ಹೇಳಿಬಿಟ್ಟರೆ ಮರ್ಯಾದೆ ಉಳಿಯುತ್ತದೆಂದುಕೊಂಡೆ. ಇಪ್ಪತ್ತು ಜನರ ನಡುವೆ ಅವಳನ್ನು ನಿಲ್ಲಿಸಿ ದೇವರ ಕ್ಷಮೆ ಕೇಳಿಸಿದೆ. ಯೇಸುಸ್ವಾಮಿಯೂ ಒಂದು ಮಗುವನ್ನು ಜನರ ನಡುವೆ ನಿಲ್ಲಿಸಿದ್ದರು, ದೊಡ್ಡವರು ಅದನ್ನು ನೋಡಿ ಕಲಿಯಲೆಂದು. ಇದನ್ನು ಎಷ್ಟು ಸಲ ಬೋಧಿಸಿದ್ದೆನೋ, ಆ ದಿನ ನೆನಪಾಗಲಿಲ್ಲ.

ಅಂದಿನಿಂದ ಅವಳು ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚುವುದನ್ನು ಬಿಟ್ಟಳು. ಹಟವೆಂದು ತಿಳಿದು ಮುಂದಿನ ಕೂಟದಲ್ಲಿ ಎಲ್ಲರೆದುರು ಗದರಿದೆ.

"ಕಣ್ಣ ಮುಚ್ಚಿದ್ರ ಅದ ಕಾಣ್ತೈತಿ, ಪಪ್ಪಾ," ಅಂದಳು.

ಮೂಲೆಯಲ್ಲಿ ಕೂತಿದ್ದ ನನ್ನ ತಾಯಿ ಸಕ್ರವ್ವ ಎದ್ದು ಬಂದು ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು. "ಕೂಸು ಮುಳ್ಳ ತುಳದ್ರ ಮೊದಲ ಮುಳ್ಳ ತಗೀತಾರೋ, ತಪ್ಪಾತಂತ ಕೂಸಿನ ಕಡಿಂದ ಅನಸ್ತಾರೋ? ನೀ ಕಣ್ಣ ತೆರಕೊಂಡ ಪ್ರಾರ್ಥನಾ ಮಾಡವ್ವಾ. ದೇವರು ಬ್ಯಾಡ ಅನ್ನಾಂಗಿಲ್ಲ."

ನನಗೆ ತಲೆ ಎತ್ತಲಾಗಲಿಲ್ಲ. ಅಷ್ಟು ನಾಚಿಕೆ ಜೀವಮಾನದಲ್ಲಿ ಆಗಿರಲಿಲ್ಲ. ಅದರ ಮುಂದಿನ ಬುಧವಾರ ಅದೇ ಜನರ ನಡುವೆ ನಾನು ನಿಂತು, ದೇವರಿಗಿಂತ ಮೊದಲು ಮಗಳ ಕ್ಷಮೆ ಕೇಳಿದೆ. ಅಂದು ಇಪ್ಪತ್ತೂ ಜನ ಕಣ್ಣು ತೆರೆದೇ ಪ್ರಾರ್ಥಿಸಿದರು. ಈಗ ತಿಂಗಳಿಗೆರಡು ಸಲ ಗದಗಿಗೆ, ಮಕ್ಕಳ ಮನಸ್ಸು ನೋಡುವ ಡಾಕ್ಟರ ಬಳಿಗೆ ಬಸ್ಸಿನಲ್ಲಿ ಹೋಗಿಬರುತ್ತೇವೆ. ಪ್ರಾರ್ಥನೆ ಇರುವಾಗ ಡಾಕ್ಟರ್ ಯಾಕೆ ಎನ್ನುವವರಿದ್ದಾರೆ. ನಾನೂ ಹಾಗೆ ಅನ್ನುತ್ತಿದ್ದವನೇ. ಮಗಳು ಈಗ ಊಟ ಮಾಡುತ್ತಾಳೆ, ನಿದ್ದೆ ಮಾಡುತ್ತಾಳೆ. ಆದರೆ ದಿನಾ ಬೆಳಿಗ್ಗೆ ಪಾಟಿಚೀಲ ಹೆಗಲಿಗೇರಿಸಿಕೊಳ್ಳುವಾಗ ಒಂದೇ ಪ್ರಶ್ನೆ: "ಪಪ್ಪಾ, ಆ ಚೀಟಿ ಇನ್ನೂ ಸಾಲ್ಯಾಗ ಐತೇನು?"

ಇದೆ ಎನ್ನಲೇ? ಇಲ್ಲವೆಂದು ಸುಳ್ಳು ಹೇಳಲೇ? ದಾಖಲೆ ಕಾಪಾಡುವ ನೀವೇ ಹೇಳಿಕೊಡಿ.

ನನ್ನ ಬೇಡಿಕೆ ದೊಡ್ಡದೇನಲ್ಲ. ಮನೆಗೆಲಸವನ್ನು ಮತ್ತೆ ಕರಿಹಲಗೆಯ ಮೇಲೆ ಬರೆಸಿ. ಆರೂ ಮಕ್ಕಳನ್ನು ಕರೆದು, ತಪ್ಪು ಅವರದಲ್ಲವೆಂದು ನಿಮ್ಮ ಬಾಯಿಂದಲೇ ಹೇಳಿ, ಅವರವರ ಚೀಟಿಯನ್ನು ಅವರವರ ಕೈಗೆ ಕೊಡಿ. ಕಪಾಟಿಗೆ ಒಂದು ತಪ್ಪೊಪ್ಪಿಗೆ ಬೇಕೇ ಬೇಕೆಂದಿದ್ದರೆ ಈ ಪತ್ರವನ್ನು ಇಟ್ಟುಕೊಳ್ಳಿ. ಇದನ್ನು ತಪ್ಪು ಮಾಡಿದವನೇ ಬರೆದಿದ್ದಾನೆ.

ಇಂತಿ,
ಆ ಚೀಟಿಗೆ ಸಹಿ ಹಾಕಲು ಮಾತ್ರ ಕೈ ಒರೆಸಿಕೊಂಡ ತಂದೆ,
ಗಜೇಂದ್ರಗಡ