ಬೀಗ ಹಾಕಿದ ರೌಟರ್, ಮುಟ್ಟದ ತವರಿನ ಕರೆ

ನಿಸ್ತಂತು ಸಾಧನಗಳಿಗೆ ಅಪ್ಪಣೆ ಕೊಡುವ ಮಾನ್ಯ ಅಧಿಕಾರಿಗಳೇ,

ನಿಮ್ಮ ನಿಯಮದ ದಯೆಯಿಂದ ಪುಣೆಯ ತಗಡಿನ ಶೆಡ್ಡಿನಲ್ಲಿ ಒಬ್ಬ ಹೆಣ್ಣುಮಗಳು ತಾಯಿ ಹತ್ತಿರವಿಲ್ಲದೆ ಹಡೆದಳು. ಇದನ್ನು ನಿಮ್ಮ ಯಾವ ಕಲಮಿಗೆ ಸೇರಿಸುತ್ತೀರಿ?

ನಾನು ಔರಾದಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ನನ್ನೂರು ಎಕಂಬಾ. ಬರ ಬಿದ್ದು ನಮ್ಮ ಓಣಿಯ ಅರ್ಧ ಜನ ಪುಣೆಗೆ ಗುಳೆ ಹೋದರು. ಓಣಿಯಲ್ಲಿ ಮೊಬೈಲ್ ಸಿಗ್ನಲ್ ಮೊದಲೇ ಇಲ್ಲ. ಅದಕ್ಕೆ ಅಂಗಡಿಯ ಮಾಳಿಗೆಯ ಮೇಲೊಂದು, ಎಕಂಬಾದ ಬುದ್ಧ ವಿಹಾರದ ಮೇಲೊಂದು ರೌಟರ್ ಕೂಡಿಸಿ ಆಂಟೆನಾ ಕಟ್ಟಿದೆ. ಕಂಪನಿಯ ತಂತ್ರಾಂಶ ತೆಗೆದು, ಯಾರು ಬೇಕಾದರೂ ಓದಿ ತಿದ್ದಬಹುದಾದ ಮುಕ್ತ ತಂತ್ರಾಂಶ ಹಾಕಿದ್ದರಿಂದಲೇ ಆ ಎರಡು ಡಬ್ಬಿಗಳು ಹೊಲಗಳ ಮೇಲಿಂದ ಒಂದಕ್ಕೊಂದು ಮಾತಾಡಿ, ನನ್ನ ಅಂಗಡಿಯ ಇಂಟರ್ನೆಟ್ಟನ್ನು ವಿಹಾರಕ್ಕೆ ಮುಟ್ಟಿಸುತ್ತಿದ್ದವು. ಸಂಜೆಯಾದರೆ ಹೆಂಗಸರು ವಿಹಾರದ ಅಂಗಳದಲ್ಲಿ ಕೂತು ಪುಣೆಯವರ ಮುಖ ನೋಡುತ್ತಿದ್ದರು.

ವಿಹಾರದ ಡಬ್ಬಿ ವೋಲ್ಟೇಜ್ ಏರಿ ಸುಟ್ಟಿತು. ಅದೇ ಕಂಪನಿಯ, ಅದೇ ಹೆಸರಿನ ಹೊಸದನ್ನು ತಂದೆ. ಅದು ನನ್ನ ತಂತ್ರಾಂಶವನ್ನು ಹತ್ತಿರಕ್ಕೂ ಬಿಟ್ಟುಕೊಳ್ಳಲಿಲ್ಲ. ಕಂಪನಿಯನ್ನು ಕೇಳಿದರೆ, ರೇಡಿಯೊ ಬಲವನ್ನು ಗಿರಾಕಿ ಬದಲಿಸದಂತೆ ತಡೆಯಬೇಕೆಂಬುದು ನಿಮ್ಮ ನಿಯಮ, ಅದಕ್ಕೇ ಇಡೀ ಡಬ್ಬಿಗೆ ಬೀಗ ಎಂದರು. ಬಲ ಮಿತಿ ಮೀರಿ ಬೀದರಿನ ಮೇಲೆ ಹಾರುವ ವಿಮಾನಗಳಿಗೆ ತೊಂದರೆಯಾಗಬಾರದು, ಒಪ್ಪಿದೆ. ಆದರೆ ನಾನೇನು ಬಲ ಏರಿಸಿದ್ದೆನೆ? ನಿಮ್ಮ ಮಿತಿಯೊಳಗೇ ಇದ್ದೆನಲ್ಲ! ನೆಗಡಿ ಬಂತೆಂದು ಮೂಗು ಕೊಯ್ಯುವ ಈ ಬುದ್ಧಿಯನ್ನು ಯಾವ ಸಾಲೆಯಲ್ಲಿ ಕಲಿತಿರಿ?

ನಮ್ಮ ಓಣಿಯ ಕಾಂತಾಬಾಯಿಯ ಮಗಳು ಮೀರಾಬಾಯಿ ಗಂಡನ ಜೊತೆ ಪುಣೆಯಲ್ಲಿ ಗಾರೆ ಕೆಲಸಕ್ಕಿದ್ದಳು, ತುಂಬು ಬಸುರಿ. ಚೊಚ್ಚಲ ಬಾಣಂತನ ತವರಿನದು. ಆದರೆ ತಾಯಿ ತಾನೇ ಬಾಯಿಬಿಟ್ಟು ಕರೆಯಬೇಕು. ಕರೆಯದೆ ಮಗಳು ಬರುವುದಿಲ್ಲ. ನಾನೇ ಫೋನ್ ಮಾಡಿ ಹೇಳಿಬಿಡಲೆ ಎಂದು ಕಾಂತಾಬಾಯಿಯನ್ನು ಕೇಳಿದೆ.

"ಬ್ಯಾಡೋ ತಮ್ಮಾ, ಅಂಗಡಿಯಾಂವ ಕರದ್ರ ತವರಮನಿ ಕರದಂಗ ಆಗ್ತದೇನು? ಡಬ್ಬಿ ಸುರು ಆಗ್ಲಿ, ನಾನೇ ಕರೀತೇನಿ" ಎಂದಳು.

ಅವಳೇ ಔರಾದಿಗೆ ಬಂದು ಮಾತಾಡಲೆಂದರೆ ನೀರಿನ ಟ್ಯಾಂಕರಿನ ಪಾಳಿ ಬಿಡುವಂತಿರಲಿಲ್ಲ. ನಾನು ನಿಮ್ಮ ಬೀಗದ ಜೊತೆ ಗುದ್ದಾಡುತ್ತಲೇ ಇದ್ದೆ. ಅಷ್ಟರಲ್ಲಿ ದಿನ ತುಂಬುವ ಮೊದಲೇ ಮಗಳು ಹಡೆದಳು.

ಸುದ್ದಿ ನನ್ನ ಅಂಗಡಿಗೆ ಬಂತು. ಕಾಂತಾಬಾಯಿಯನ್ನು ಬೈಕಿನ ಮೇಲೆ ಕರೆತಂದು ಫೋನ್ ಕೈಗಿಟ್ಟೆ.

"ನೀರಿಲ್ಲಂತ ನನ್ನ ಕರೀಲಿಲ್ಲ ಅಲ್ಲವ್ವಾ? ಇರ್ಲಿ ಬಿಡು" ಎಂದಳು ಮೀರಾಬಾಯಿ.

"ಏ ಯವ್ವಾ, ಹಂಗಲ್ಲ, ಕೇಳಿಲ್ಲಿ..." ಎಂದು ತಾಯಿ ಅನ್ನುವುದರೊಳಗೆ ಮಗಳು ಫೋನ್ ಇಟ್ಟುಬಿಟ್ಟಳು. ಅಂದಿನಿಂದ ತಾಯಿಯ ಫೋನ್ ಎತ್ತಿಲ್ಲ. ಕಾಂತಾಬಾಯಿ ಮೊಮ್ಮಗನ ಮುಖ ಇನ್ನೂ ನೋಡಿಲ್ಲ.

ಬೀಗ ರೇಡಿಯೊ ಬಲಕ್ಕೆ ಮಾತ್ರ, ಉಳಿದದ್ದೆಲ್ಲ ಕೊಂಡವನದು ಎಂದು ಕಂಪನಿಗಳಿಗೆ ಆದೇಶ ಕೊಡಿ. ಕೊಡುವುದಿಲ್ಲವೆ? ಹಾಗಾದರೆ ಮೀರಾಬಾಯಿಗೆ ನೀವೇ ಫೋನ್ ಮಾಡಿ. ನಿನ್ನ ತಾಯಿ ಬಾಯಿ ಮುಚ್ಚಿಕೊಂಡು ಕೂತಿರಲಿಲ್ಲವಮ್ಮಾ, ನಾವು ಮುಚ್ಚಿಸಿದೆವು ಎಂದು ಹೇಳಿ. ನಿಮ್ಮ ಫೋನನ್ನಾದರೂ ಅವಳು ಎತ್ತಬಹುದು.

ಇಂತಿ,
ಮಿತಿ ಮೀರದೆಯೂ ಕೈ ಕಟ್ಟಿಸಿಕೊಂಡ
ಗೋರಖನಾಥ, ಔರಾದ